ಸಿಂಹ ಸೊಲೊಮನ್‌ದು, ಸಿಂಹಪಾಲು ಕಂಡೋರದು

ಮೊನ್ನೆ ನಮ್ಮೂರಿನ ಶಿಶುವಿಹಾರವೊಂದರ ವಾರ್ಷಿಕೋತ್ಸವ. ನಾಲ್ಕು ವರ್ಷದ ಹತ್ತು ಹನ್ನೆರಡು ಮಕ್ಕಳು ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು, ಕತ್ತಿಗೆ ಉಣ್ಣೆ ದಾರದ ಕೇಸರ ಕಟ್ಟಿಕೊಂಡು ಸ್ಟೇಜಿಗೆ ಬಂದವು. ಒಂದು ಸಿಂಹ ಅಮ್ಮನನ್ನು ಹುಡುಕುತ್ತಾ ಅಳುತ್ತಿತ್ತು. ಇನ್ನೊಂದು ಸಿಂಹ ತನ್ನ ಬಾಲವನ್ನೇ ಎಳೆಯುತ್ತಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಹಾಡು ಶುರುವಾಯ್ತು. ಗಂಡಸರ ಗುಂಪೊಂದು ಕೆಳದನಿಯಲ್ಲಿ ಒಂದೇ ಪದವನ್ನು ಗಾಣ ತಿರುಗಿದ ಹಾಗೆ ಹೇಳುತ್ತಾ ಹೋಗುತ್ತೆ. ಅದರ ಮೇಲೆ ಒಬ್ಬನ ಕೀರಲು ಕಂಠ ಗಾಳಿಪಟದಂತೆ ಏರಿ ಏರಿ ತೇಲುತ್ತೆ. ಪದದ ಅರ್ಥ ಯಾರಿಗೂ ಗೊತ್ತಿಲ್ಲ. ಆದರೂ ಮುಂದಿನ ಸಾಲಿನಲ್ಲಿ ಕೂತಿದ್ದ ದಿನಸಿ ಅಂಗಡಿ ಯಜಮಾನರ ಕಾಲು ತಾಳ ಹಾಕುತ್ತಿತ್ತು.

ಅವರು ಈ ವರದಿಗಾರನ ಕಡೆ ತಿರುಗಿ ಇದು ಯಾವ ಪಿಕ್ಚರಿನ ಹಾಡು ಅಂತ ಕೇಳಿದರು. ಪಕ್ಕದಲ್ಲಿದ್ದ ಕಾಲೇಜು ಹುಡುಗ ಇಂಗ್ಲಿಷ್ ಕಾರ್ಟೂನು ಪಿಕ್ಚರಿಂದು ಅಂದ. ತಪ್ಪೇನಲ್ಲ. ಆದರೆ ಪಿಕ್ಚರ್ ಬಂದದ್ದು 1994ರಲ್ಲಿ. ಹಾಡು ಹುಟ್ಟಿದ್ದು 1939ರಲ್ಲಿ. ಹುಟ್ಟಿಸಿದವನು ಅಮೆರಿಕದವನೂ ಅಲ್ಲ, ಕಾರ್ಟೂನಿನವನೂ ಅಲ್ಲ. ದಕ್ಷಿಣ ಆಫ್ರಿಕದ ಒಬ್ಬ ದನ ಕಾಯುವ ಹುಡುಗ. ಹೆಸರು ಸೊಲೊಮನ್ ಲಿಂಡಾ. ಅವನ ಕಥೆ ವ್ಯಾಪಾರ ಮಾಡುವವರೆಲ್ಲ ಒಂದು ಸಲ ಓದಬೇಕಾದ ಕಥೆ. ಏಕೆಂದರೆ ಇದು ಹಾಡಿನ ಕಥೆ ಎಷ್ಟೋ, ಒಂದು ಸಹಿಯ ಕಥೆಯೂ ಅಷ್ಟೇ.

ದನ ಕಾಯುವ ಹುಡುಗ

ಗಾಂಧೀಜಿಯವರನ್ನು 1893ರಲ್ಲಿ ರೈಲಿನಿಂದ ಕೆಳಗಿಳಿಸಿದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ ನಿಮಗೆಲ್ಲ ಗೊತ್ತಿದೆ. ಅದೇ ನಟಾಲ್ ಪ್ರಾಂತ್ಯದ ಒಳನಾಡಿನಲ್ಲಿ ಮ್ಸಿಂಗಾ ಅಂತ ಒಂದು ಸೀಮೆ, ಅಲ್ಲಿ ಪೊಮರಾಯ್ ಅಂತ ಒಂದು ಪುಟ್ಟ ಊರು. ಜುಲು ಜನರ ನೆಲ. ಆ ಊರಿನ ಹತ್ತಿರ 1909ರಲ್ಲಿ ಸೊಲೊಮನ್ ಹುಟ್ಟಿದ. ಪಾದ್ರಿಗಳ ಶಾಲೆಯಲ್ಲಿ ಸ್ವಲ್ಪ ಓದು, ಮಿಕ್ಕ ಹೊತ್ತು ದನದ ಹಿಂದೆ. ಹುಲ್ಲುಗಾವಲಿನಲ್ಲಿ ಕರುಗಳ ಮೇಲೆ ಹೊಂಚು ಹಾಕುವ ಸಿಂಹಗಳನ್ನು ಹುಡುಗರು ಗದ್ದಲ ಮಾಡಿ ಓಡಿಸುತ್ತಿದ್ದರಂತೆ. ಮುಂದೆ ಹಾಡಿಗೆ ಬಂದ ಸಿಂಹ ಈ ಸಿಂಹವೇ ಅಂತ ಅವನ ಕಥೆ ಬರೆದವರು ಹೇಳುತ್ತಾರೆ.

ಶಾಲೆಯಲ್ಲಿ ಕಿವಿಗೆ ಬಿದ್ದದ್ದು ಚರ್ಚಿನ ಹಾಡು. ಮದುವೆ ಮನೆಯಲ್ಲಿ ಬಾಯಿಗೆ ಬಂದದ್ದು ಜುಲು ಹಾಡು. ಅದರ ಜೊತೆಗೆ ಅಮೆರಿಕದ ಕರಿಯ ಗಾಯಕರ ತಾಳ ಮುರಿಯುವ ಹೊಸ ಧಾಟಿಯೂ ಆಗಲೇ ಆ ಕಡೆಗೆ ಬಂದಿತ್ತು. ಹುಡುಗ ಎಲ್ಲವನ್ನೂ ಸೇರಿಸಿ ಗೆಳೆಯರ ಜೊತೆ ಮದುವೆ, ಊಟ ಅಂತ ಕಂಡ ಕಂಡ ಕಡೆ ಹಾಡುತ್ತಿದ್ದ.

1931ರಲ್ಲಿ ಹಳ್ಳಿ ಬಿಟ್ಟ. ನಮ್ಮ ಹುಡುಗರು ಬೆಂಗಳೂರು ಬಸ್ ಹತ್ತೋದಿಲ್ಲವೇ, ಹಾಗೆ ಅಲ್ಲಿನ ಹುಡುಗರಿಗೆ ಜೊಹಾನ್ಸ್‌ಬರ್ಗ್. ಚಿನ್ನದ ಗಣಿಯ ಊರು. ಸೊಲೊಮನ್ ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಹೊತ್ತು ತನ್ನ ಬಂಧುಗಳು ನಡೆಸುತ್ತಿದ್ದ ಈವನಿಂಗ್ ಬರ್ಡ್ಸ್, ಅಂದ್ರೆ ಸಂಜೆ ಹಕ್ಕಿಗಳು, ಎಂಬ ಗಾಯನ ತಂಡದಲ್ಲಿ ಹಾಡುತ್ತಿದ್ದ. 1933ರಲ್ಲಿ ಆ ತಂಡ ಮುರಿಯಿತು. ಆಗ ಕಾರ್ಲ್ಟನ್ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ ಸೊಲೊಮನ್, ಅದೇ ಹೆಸರಿಟ್ಟು ತನ್ನದೇ ತಂಡ ಕಟ್ಟಿದ. ಒಟ್ಟು ಆರು ಜನ. ಎಲ್ಲರೂ ಪೊಮರಾಯ್ ಕಡೆಯ ಗೆಳೆಯರೇ.

ಮೆತ್ತಗೆ ಹೆಜ್ಜೆ ಇಡುವ ಹಾಡು

ಕರಿಯ ಕೂಲಿಗಳನ್ನು ಆ ಊರಿನಲ್ಲಿ ಗಂಡಸರ ಹಾಸ್ಟೆಲುಗಳಲ್ಲಿ ತುಂಬಿಡುತ್ತಿದ್ದರು. ಹೆಂಡತಿ ಮಕ್ಕಳು ಹಳ್ಳಿಯಲ್ಲಿ. ವಾರವೆಲ್ಲ ದುಡಿತ, ಶನಿವಾರ ರಾತ್ರಿ ಹಾಡು. ತಂಡ ತಂಡಗಳ ನಡುವೆ ಪಂದ್ಯ ನಡೆಯುತ್ತಿತ್ತು, ಬೆಳಗಾಗುವ ತನಕ. ಎಷ್ಟೋ ಕಡೆ ಗೆದ್ದವರಿಗೆ ಬಹುಮಾನ ಒಂದು ಮೇಕೆ. ವಾದ್ಯ ಇಲ್ಲ, ಬರೀ ಗಂಟಲು. ಕಾವಲುಗಾರರಿಗೆ ಕೇಳಿಸಬಾರದು ಅಂತ ತುದಿಗಾಲಲ್ಲಿ ಕುಣಿಯುತ್ತಿದ್ದರಂತೆ. ಅದಕ್ಕೇ ಈ ಗಾಯನಕ್ಕೆ ಮುಂದೆ ಮೆತ್ತಗೆ ಹೆಜ್ಜೆ ಇಡು ಎನ್ನುವ ಅರ್ಥದ ಹೆಸರೂ ಬಂತು: ಇಸಿಕಾತಮಿಯಾ.

ಸೊಲೊಮನ್ ತಂಡಕ್ಕೆ ಗತ್ತು ಬೇರೆ. ಗೆರೆ ಗೆರೆ ಸೂಟು, ದುಂಡನೆ ಹ್ಯಾಟು, ಎರಡು ಬಣ್ಣದ ಬೂಟು! ಹಗಲು ಹೋಟೆಲಿನಲ್ಲಿ ದುಡಿಯುವವರು ರಾತ್ರಿ ರಾಜರು. ದಪ್ಪ ದನಿಯ ಮೂವರನ್ನು ಕೆಳಗೆ ನಿಲ್ಲಿಸಿ, ತಾನೊಬ್ಬ ಮೇಲಿನ ಕಳ್ಳದನಿಯಲ್ಲಿ ಹಾಡುವುದು ಸೊಲೊಮನ್ ಹಾಕಿಕೊಟ್ಟ ಮೇಲ್ಪಂಕ್ತಿ. ಆಳು ನೋಡಲು ಎತ್ತರ, ದನಿ ಮಾತ್ರ ಹೆಂಗಸಿನ ಹಾಗೆ ಸಣ್ಣಗೆ ಏರುತ್ತಿತ್ತು. ಬೇರೆ ತಂಡಗಳೆಲ್ಲ ಇದನ್ನೇ ಹಿಡಿದವು.

ಆಗ ಜೊಹಾನ್ಸ್‌ಬರ್ಗ್‌ನಲ್ಲಿ ಎರಿಕ್ ಗ್ಯಾಲೊ ಅಂತ ಇಟಲಿ ಮೂಲದ ವ್ಯಾಪಾರಿ ಗ್ರಾಮಫೋನ್ ಪ್ಲೇಟುಗಳ ಕಂಪನಿ ನಡೆಸುತ್ತಿದ್ದ. ಸಹರಾ ಮರುಭೂಮಿಯಿಂದ ಕೆಳಗೆ ಹಾಡು ಮುದ್ರಿಸುವ ಸ್ಟುಡಿಯೋ ಅಂದ್ರೆ ಆಗ ಅವನದೊಂದೇ. ಆ ಕಂಪನಿಗೆ ಹೊಸ ಗಾಯಕರನ್ನು ಹುಡುಕಿಕೊಡುತ್ತಿದ್ದವನು ಗ್ರಿಫಿತ್ ಮೊತ್ಸಿಯೆಲೋವ ಎಂಬ ಕರಿಯ ಕಲಾವಿದ. ಸಂಜೆ ಹಕ್ಕಿಗಳು 1938ರಲ್ಲಿ ಅವನ ಕಣ್ಣಿಗೆ ಬಿದ್ದರು.

ಮೂರನೇ ಸಲ ಕೂಡಿಬಂತು

1939ರಲ್ಲಿ ತಂಡ ಸ್ಟುಡಿಯೋಗೆ ಹೋಯ್ತು. ಹಲವು ಹಾಡು ಮುದ್ರಿಸಿದರು. ಅವುಗಳಲ್ಲಿ ಒಂದು 'ಎಂಬೂಬೆ'. ಜುಲು ಭಾಷೆಯಲ್ಲಿ ಸಿಂಹ ಅಂತ ಅರ್ಥ. ಸಾಹಿತ್ಯ ಅಂತ ಹೆಚ್ಚೇನೂ ಇಲ್ಲ, ಕೆಲವೇ ಪದ. ಸಿಂಹವನ್ನು ಕೂಗುವುದು, ಬೇಟೆಯ ಸದ್ದು, ಅಷ್ಟೇ.

ಮೊದಲ ಸಲ ಹಾಡಿದರು, ಸರಿಹೋಗಲಿಲ್ಲ. ಎರಡನೇ ಸಲವೂ ಅಷ್ಟೆ. ಮೂರನೇ ಸಲ ಕುದುರಿತು. ಆ ಮೂರನೇ ಸಲದ ಕೊನೆಯಲ್ಲಿ ಸೊಲೊಮನ್‌ಗೆ ಏನು ಹೊಳೆಯಿತೋ, ಮೊದಲೇ ಯೋಚಿಸದ ಒಂದು ಸ್ವರಮಾಲೆಯನ್ನು ಬಾಯಿಗೆ ಬಂದ ಹಾಗೆ ಎತ್ತಿಬಿಟ್ಟ. ಕೆಲವೇ ಸೆಕೆಂಡು! ಮುಂದೆ ಅಮೆರಿಕ, ಇಂಗ್ಲೆಂಡು, ಕೊನೆಗೆ ನಮ್ಮೂರಿನ ಶಿಶುವಿಹಾರದ ಸ್ಟೇಜಿನ ತನಕ ಬಂದದ್ದು ಆ ಕೆಲವು ಸೆಕೆಂಡಿನ ರಾಗ. ಅವತ್ತು ಮೂರನೇ ಸಲ ಹಾಡದೆ ಎರಡಕ್ಕೇ ಸಾಕು ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ಲೇಟು ಅಂಗಡಿಗೆ ಬಂತು. ಹಾಸ್ಟೆಲುಗಳಿಗೆ ತಂತಿ ಎಳೆದು ಹಾಡು ಕೇಳಿಸುವ ರೇಡಿಯೋ ವ್ಯವಸ್ಥೆ ಬಂದ ಮೇಲಂತೂ ಹಾಡು ಎಲ್ಲರ ಬಾಯಲ್ಲಿ. ಹತ್ತು ವರ್ಷದಲ್ಲಿ ಸುಮಾರು 1 ಲಕ್ಷ ಪ್ಲೇಟು ಮಾರಾಟವಾಯಿತು. ಕೊಳ್ಳುವವರು ಯಾರು? ಗಣಿ ಕೂಲಿಗಳು, ಮನೆಗೆಲಸದವರು. ಅಂಥ ಜನರ ನಡುವೆ ಒಂದು ಲಕ್ಷ ಅಂದ್ರೆ ಸಣ್ಣ ಮಾತಲ್ಲ ಸ್ವಾಮಿ. ಹಾಡಿನ ಹೆಸರೇ ಆ ಶೈಲಿಯ ಹೆಸರೂ ಆಯ್ತು. ಇವತ್ತಿಗೂ ಆ ಬಗೆಯ ಗಾಯನಕ್ಕೆ ಎಂಬೂಬೆ ಅಂತಲೇ ಹೇಳುತ್ತಾರೆ.

ಸೊಲೊಮನ್‌ಗೆ ಸಿಕ್ಕಿದ್ದೆಷ್ಟು? ಹಾಡಿನ ಹಕ್ಕು ಗ್ಯಾಲೊ ಕಂಪನಿಗೆ ಹೋಯ್ತು, ಬೆಲೆ ಹತ್ತು ಶಿಲ್ಲಿಂಗು. ಆ ಕಾಲದಲ್ಲಿ ನಮ್ಮ ಒಂದು ರೂಪಾಯಿಗೆ ಒಂದೂವರೆ ಶಿಲ್ಲಿಂಗು. ಲೆಕ್ಕ ಹಾಕಿ ನೋಡಿ: ಆರು ರೂಪಾಯಿ ಹತ್ತಾಣೆ ಎಂಟು ಪೈ!

ಅದರ ಜೊತೆಗೆ ಕಂಪನಿಯ ಪ್ಲೇಟುಗಳನ್ನು ಪ್ಯಾಕ್ ಮಾಡುವ ಜಾಗದಲ್ಲಿ ಒಂದು ಕೆಲಸವೂ ಸಿಕ್ಕಿತು. ಅಂದ್ರೆ ತಾನೇ ಹಾಡಿದ ಹಾಡನ್ನು ಡಬ್ಬಕ್ಕೆ ತುಂಬಿ ಅಂಗಡಿಗೆ ಕಳಿಸುವ ಕೂಲಿ. ಹಾಗಂತ ಅವನು ಊರಲ್ಲಿ ಅನಾಮಿಕನೇನಲ್ಲ. ಜುಲು ಜನರ ನಡುವೆ ದೊಡ್ಡ ಹೆಸರು. ಆದರೆ ಹೆಸರಿನಿಂದ ದಿನಸಿ ಬರೋದಿಲ್ಲವಲ್ಲ.

ಹಾಡು ಹಡಗು ಹತ್ತಿತು

1940ರ ದಶಕದ ಕೊನೆಗೆ ಗ್ಯಾಲೊ ಕಂಪನಿಯ ಒಂದಿಷ್ಟು ಪ್ಲೇಟುಗಳು ನ್ಯೂಯಾರ್ಕಿನ ಡೆಕ್ಕಾ ಕಂಪನಿಗೆ ಹೋದವು, ಅಮೆರಿಕದಲ್ಲಿ ಬಿಡುಗಡೆ ಮಾಡಿಯಾರೋ ಅನ್ನೋ ಆಸೆಯಿಂದ. ಡೆಕ್ಕಾದವರಿಗೆ ಬೇಡವಾಯ್ತು. ಅಲ್ಲಿದ್ದ ಅಲನ್ ಲೊಮ್ಯಾಕ್ಸ್ ಜನಪದ ಹಾಡು ಹುಡುಕುವುದರಲ್ಲಿ ಹೆಸರಾದವನು. ಕಸಕ್ಕೆ ಹೋಗಬೇಕಿದ್ದ ಪ್ಲೇಟುಗಳನ್ನು ಗೆಳೆಯ ಪೀಟ್ ಸೀಗರ್‌ಗೆ ಕೊಟ್ಟ.

ಸೀಗರ್ ಬ್ಯಾಂಜೋ ಹಿಡಿದು ಕಾರ್ಮಿಕರ ಪರ, ಬಡವರ ಪರ ಹಾಡುತ್ತಿದ್ದ ಗಾಯಕ. ನೆಗಡಿಯಾಗಿ ಹಾಸಿಗೆ ಹಿಡಿದಿದ್ದ ಅವನು ಎಂಬೂಬೆ ಪ್ಲೇಟನ್ನು ಮತ್ತೆ ಮತ್ತೆ ಹಾಕಿಕೊಂಡು ಸ್ವರ ಬರೆದುಕೊಂಡ. ಜುಲು ಭಾಷೆ ಬಾರದು. ನೀನು ಸಿಂಹ ಎನ್ನುವ ಅರ್ಥದ ಮಾತು ಅವನ ಕಿವಿಗೆ 'ವಿಮೊವೆ' ಅಂತ ಬಿತ್ತು. ಅದೇ ಹೆಸರಾಯ್ತು! ಅವನ ವೀವರ್ಸ್ ತಂಡ ಅದನ್ನು ವಾದ್ಯವೃಂದದ ಜೊತೆ 1951ರಲ್ಲಿ ಮುದ್ರಿಸಿತು. ಮುಂದಿನ ವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಇಪ್ಪತ್ತರೊಳಗೆ ಬಂತು. ಅಷ್ಟರಲ್ಲಿ ಕಮ್ಯುನಿಸ್ಟರು ಅಂತ ಆಪಾದನೆ ಬಂದು ವೀವರ್ಸ್ ತಂಡವೇ ಕಪ್ಪುಪಟ್ಟಿಗೆ ಹೋಯ್ತು, ಅದು ಬೇರೆ ಕಥೆ.

ನಮ್ಮ ಕಥೆಗೆ ಬೇಕಾದ್ದು ಪ್ಲೇಟಿನ ಲೇಬಲ್ಲು. ಅದರ ಮೇಲೆ ಸೊಲೊಮನ್ ಲಿಂಡಾ ಅಂತ ಇರಲಿಲ್ಲ. ಪಾಲ್ ಕ್ಯಾಂಪ್‌ಬೆಲ್ ಅಂತಿತ್ತು. ಈ ಕ್ಯಾಂಪ್‌ಬೆಲ್ ಯಾರು? ಯಾರೂ ಅಲ್ಲ! ಅಂಥ ಮನುಷ್ಯ ಹುಟ್ಟಿಯೇ ಇಲ್ಲ. ಯಜಮಾನರಿಲ್ಲದ ಹಳೇ ಜನಪದ ಹಾಡುಗಳ ರಾಯಧನ ಬೇರೆಯವರ ಪಾಲಾಗದಿರಲಿ ಅಂತ ವೀವರ್ಸ್ ಮತ್ತು ಅವರ ಪ್ರಕಾಶಕರು ಸೃಷ್ಟಿ ಮಾಡಿಕೊಂಡಿದ್ದ ಬೇನಾಮಿ ಹೆಸರು. ಎಂಬೂಬೆಯೂ ಅಂಥದ್ದೇ ಒಂದು ಪುರಾತನ ಹಾಡು ಅಂತ ಸೀಗರ್ ತಿಳಿದಿದ್ದ. ಕಂಪೋಸ್ ಮಾಡಿದವನೊಬ್ಬ ಬದುಕಿದ್ದಾನೆ ಅಂತ ತಿಳಿದ ಮೇಲೆ ಅವನಿಗೆ ಒಂದು ಸಾವಿರ ಡಾಲರ್ ಕಳಿಸಲು ಪ್ರಕಾಶಕರಿಗೆ ಹೇಳಿದ. ಮುಂದಿನ ಹಣವೂ ಅಲ್ಲಿಗೇ ಹೋಗುತ್ತಿದೆ ಅಂತ ನಂಬಿ ಕೂತ. ಹೋಗುತ್ತಿರಲಿಲ್ಲ. ನಾನು ವಿಚಾರಿಸಬೇಕಿತ್ತು ಅಂತ ಸೀಗರ್ ಕೊನೆಗಾಲದಲ್ಲಿ ಪಶ್ಚಾತ್ತಾಪ ಪಟ್ಟ.

ಗ್ಯಾಲೊ ಕಂಪನಿ ಏನು ಮಾಡಿತು? ಅಮೆರಿಕದ ಪ್ರಕಾಶಕರ ಜೊತೆ ಜಗಳಕ್ಕೆ ಬೀಳುವ ಬದಲು ರಾಜಿ ಮಾಡಿಕೊಂಡಿತು. ಅಮೆರಿಕದ ಹಕ್ಕು ನಿಮಗೆ, ಆಫ್ರಿಕದ ನಮ್ಮ ಕಡೆಯ ದೇಶಗಳ ವಹಿವಾಟು ನಮಗೆ. ಇಬ್ಬರು ಗಿರಾಕಿಗಳ ನಡುವೆ ಸರಕು ಬದಲಾಯ್ತು. ಸರಕು ಮಾಡಿದವನನ್ನು ಯಾರೂ ಕೇಳಲಿಲ್ಲ.

ಸಿಂಹವನ್ನು ಮಲಗಿಸಿದರು

ಹತ್ತು ವರ್ಷ ಕಳೆಯಿತು. 1961. ಬ್ರೂಕ್ಲಿನ್ನಿನ ಟೋಕನ್ಸ್ ಎಂಬ ಹುಡುಗರ ತಂಡಕ್ಕೆ ಈ ಹಾಡಿನ ಮೇಲೆ ಮೋಹ. ಅವರ ನಿರ್ಮಾಪಕರಾದ ಹ್ಯೂಗೊ, ಲುಯಿಜಿ ಜೋಡಿ, ಇದಕ್ಕೆ ಇಂಗ್ಲಿಷ್ ಮಾತು ಬೇಕು ಅಂತ ಜಾರ್ಜ್ ಡೇವಿಡ್ ವೈಸ್ ಎಂಬ ಗೀತರಚನೆಕಾರನನ್ನು ಕರೆಸಿದರು. ವೈಸ್ ಬುದ್ಧಿವಂತ. ಸೊಲೊಮನ್ ಮೂರನೇ ಸಲದ ಕೊನೆಯಲ್ಲಿ ಎತ್ತಿದ್ದ ಆ ಕೆಲವು ಸೆಕೆಂಡಿನ ರಾಗವನ್ನೇ ಹಿಡಿದು ಹಿಗ್ಗಿಸಿ ಇಡೀ ಹಾಡಿನ ಮುಖ್ಯ ರಾಗ ಮಾಡಿದ. ಅದಕ್ಕೆ ಮಕ್ಕಳ ಜೋಗುಳದಂಥ ಮಾತು ಹೊಂದಿಸಿದ. ಸೊಲೊಮನ್‌ನ ಸಿಂಹ ಬೇಟೆಯ ಸಿಂಹ. ಅಮೆರಿಕದಲ್ಲಿ ಅದನ್ನು ಕಾಡಿನಲ್ಲಿ ಮಲಗಿಸಿದರು. ಹಾಡಿನ ಹೊಸ ಹೆಸರು 'ದಿ ಲಯನ್ ಸ್ಲೀಪ್ಸ್ ಟುನೈಟ್', ಅಂದ್ರೆ ಸಿಂಹ ಈ ರಾತ್ರಿ ಮಲಗಿದೆ.

ಟೋಕನ್ಸ್ ಹುಡುಗರಿಗೇ ಇದು ನಾಚಿಕೆಗೇಡು ಅನ್ನಿಸಿತ್ತಂತೆ. ಪ್ಲೇಟಿನ ಹಿಂಬದಿಗೆ ಹಾಕಿದ್ದರು. ಮುಂಬದಿಯ ಹಾಡು ಬೇರೆ. ಆದರೆ ರೇಡಿಯೋದವರು ಪ್ಲೇಟು ಮಗುಚಿ ಹಾಕಿದರು. 1961ರ ಡಿಸೆಂಬರಿನಲ್ಲಿ ಅಮೆರಿಕದ ನಂಬರ್ ಒನ್ ಹಾಡು! ಮೂರು ವಾರ ಅದೇ ಜಾಗದಲ್ಲಿ. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಕಾರ್ಲ್ ಡೆನ್ವರ್ ವಿಮೊವೆ ಹೆಸರಲ್ಲೇ ಹಾಡಿ ನಾಲ್ಕನೇ ಸ್ಥಾನಕ್ಕೆ ಏರಿಸಿದ. ಅಲ್ಲಿಂದ ಈಚೆಗೆ ನೂರೈವತ್ತಕ್ಕೂ ಹೆಚ್ಚು ಗಾಯಕರು ಹಾಡಿದ್ದಾರೆ. ಟೋಕನ್ಸ್ ಪ್ಲೇಟಿನ ಮೇಲೂ ವೈಸ್, ನಿರ್ಮಾಪಕರ ಹೆಸರುಗಳಿದ್ದವು. ಸೊಲೊಮನ್ ಹೆಸರಿಗೆ ಜಾಗವಿರಲಿಲ್ಲ.

ಸೆಗಣಿ ನೆಲದ ಮನೆ

ಇತ್ತ ಸೊಲೊಮನ್ ಮನೆಗೆ ಬನ್ನಿ. 1948ರಲ್ಲಿ ತಂಡ ಚದುರಿತ್ತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನೇ ಕಾನೂನು ಮಾಡಿದ ಸರ್ಕಾರ ಬಂತು. ಕರಿಯನಿಗೆ ಪಾಸ್ ಇಲ್ಲದೆ ಊರಲ್ಲಿ ಓಡಾಡುವಂತಿಲ್ಲ. ಅಂಥವನು ಅಮೆರಿಕದ ಪ್ರಕಾಶಕನ ಮೇಲೆ ಕೇಸು ಹಾಕುವುದು ಕನಸಿನ ಮಾತು. 1949ರಲ್ಲಿ ಸೊಲೊಮನ್‌ಗೆ ರೆಜಿನಾ ಜೊತೆ ಮದುವೆಯಾಯ್ತು. ಸೊವೆಟೊ ಎಂಬ ಕರಿಯರ ಬಡಾವಣೆಯಲ್ಲಿ ಸಂಸಾರ. ಮನೆಯಲ್ಲಿ ಸಾಮಾನು ಅಂತ ಇರಲಿಲ್ಲ. ಮಣ್ಣಿನ ನೆಲ, ಅದಕ್ಕೆ ಸೆಗಣಿ ಸಾರಿಸಿದ್ದು. ಮಕ್ಕಳು ಮಲಗುತ್ತಿದ್ದದ್ದು ಅದರ ಮೇಲೆ. ಊಟಕ್ಕೆ ಜೋಳದ ಹಿಟ್ಟಿನ ಗಂಜಿ, ಕೋಳಿ ಕಾಲು.

1959ರಲ್ಲಿ ಒಂದು ದಿನ ಸ್ಟೇಜಿನ ಮೇಲೆ ಹಾಡುತ್ತಿದ್ದಾಗಲೇ ಸೊಲೊಮನ್ ಕುಸಿದು ಬಿದ್ದ. ಮೂತ್ರಪಿಂಡ ಕೆಟ್ಟಿತ್ತು. ಮನೆಯವರು ಯಾರೋ ಮಾಟ ಮಾಡಿಸಿದ್ದಾರೆ ಅಂತ ತಿಳಿದರು. ಅಷ್ಟು ಹೆಸರು ಮಾಡಿದವನ ಮೇಲೆ ಹೊಟ್ಟೆಕಿಚ್ಚು ಇರದೆ ಇರುತ್ತದೆಯೇ ಅಂತ ಅವರ ತರ್ಕ.

ಈಗ ಒಂದು ವರ್ಷವನ್ನು ಮಾತ್ರ ನಿಧಾನವಾಗಿ ನೋಡಿ. 1962. ಆ ವರ್ಷ ಹುಟ್ಟುವಾಗ ಸೊಲೊಮನ್ ರಾಗ ಅಮೆರಿಕದ ರೇಡಿಯೋಗಳಲ್ಲಿ ನಂಬರ್ ಒನ್. ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹುಟ್ಟುಹಬ್ಬದ ಸಮಾರಂಭ. ಚಿತ್ರತಾರೆ ಮರ್ಲಿನ್ ಮನ್ರೋ ಶುಭಾಶಯ ಹಾಡಿದ ಆ ಪ್ರಸಿದ್ಧ ರಾತ್ರಿ. ಅದೇ ವೇದಿಕೆಯಲ್ಲಿ ದಕ್ಷಿಣ ಆಫ್ರಿಕದ ಮಿರಿಯಮ್ ಮಕೇಬಾ ಎಂಬೂಬೆಯನ್ನು ಅದರ ಮೂಲ ಭಾಷೆಯಲ್ಲೇ ಹಾಡಿದಳು. ಜಗತ್ತಿನ ಅತಿ ದೊಡ್ಡ ಅಧಿಕಾರದಲ್ಲಿದ್ದ ಮನುಷ್ಯ ಕೂತು ಕೇಳಿದ. ಅಕ್ಟೋಬರ್ 8ಕ್ಕೆ ಸೊಲೊಮನ್ ಲಿಂಡಾ ಮೂತ್ರಪಿಂಡದ ಕಾಯಿಲೆಯಿಂದ ಸತ್ತ. ವಯಸ್ಸು 53. ಬ್ಯಾಂಕಿನ ಪುಸ್ತಕದಲ್ಲಿದ್ದದ್ದು 25 ಡಾಲರಿಗಿಂತ ಕಡಿಮೆ ಹಣ.

ಗೋರಿಗೆ ಒಂದು ಕಲ್ಲು ಹಾಕಿಸಲು ಹೆಂಡತಿಯ ಕೈಯಲ್ಲಿ ಕಾಸಿರಲಿಲ್ಲ. ಆ ಕಲ್ಲು ಏಳಲು ಹದಿನೆಂಟು ವರ್ಷ ಬೇಕಾಯ್ತು.

ಅಪ್ಪನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ತನ್ನ ಹಾಡನ್ನು ದೂರದ ದೇಶದವರೂ ಹಾಡುತ್ತಾರಲ್ಲ ಅಂತ ಸಂತೋಷವಿತ್ತು ಅಂತ ಮಕ್ಕಳು ಮುಂದೆ ನೆನೆದುಕೊಂಡರು. ಓದುವವರಿಗೆ ಹೊಟ್ಟೆ ಉರಿಯುವುದು ಇಲ್ಲೇ. ತನಗೆ ಬರಬೇಕಾದ್ದು ಒಂದಿದೆ ಅಂತ ಗೊತ್ತಿದ್ದರೆ ತಾನೇ ಸಿಟ್ಟು ಬರೋದು?

ಡೊನಾಲ್ಡ್ ಡಕ್ ಜಪ್ತಿ

ಸೊಲೊಮನ್ ಸತ್ತ ಮೇಲೂ ಸಹಿಗಳು ನಿಲ್ಲಲಿಲ್ಲ. 1983ರಲ್ಲಿ ವಿಧವೆ ರೆಜಿನಾಳ ಮುಂದೆ ಕಾಗದ ಬಂತು, ಸಹಿ ಹಾಕಿದಳು. 1990ರಲ್ಲಿ ಆಕೆಯೂ ತೀರಿಕೊಂಡಳು. 1992ರಲ್ಲಿ ಹೆಣ್ಣುಮಕ್ಕಳ ಮುಂದೆ ಕಾಗದ ಬಂತು, ಅವರೂ ಹಾಕಿದರು. ಆಗೊಮ್ಮೆ ಈಗೊಮ್ಮೆ ಅಮೆರಿಕದಿಂದ ಸ್ವಲ್ಪ ಹಣ ಬರುತ್ತಿತ್ತು. ಯಾವುದಕ್ಕೆ, ಎಷ್ಟಕ್ಕೆ ಎಷ್ಟು ಪಾಲು ಅಂತ ಬಿಡಿಸಿ ಹೇಳುವವರಿರಲಿಲ್ಲ.

1994ರಲ್ಲಿ ಡಿಸ್ನಿ ಕಂಪನಿಯ 'ದಿ ಲಯನ್ ಕಿಂಗ್' ಬಂತು. ಅದರಲ್ಲಿ ಒಂದು ಕಾಡುಹಂದಿ, ಒಂದು ಮುಂಗುಸಿ ಜಾತಿಯ ಪ್ರಾಣಿ ಸೇರಿ ಇದೇ ಹಾಡಿನ ತುಣುಕು ಹಾಡುತ್ತವೆ. ಪಿಕ್ಚರು ಜಗತ್ತನ್ನೇ ಗೆದ್ದಿತು. 1997ರಲ್ಲಿ ನಾಟಕವೂ ಆಯ್ತು. ಮಕ್ಕಳ ಬಾಯಲ್ಲಿ ಹಾಡು ಮತ್ತೆ ಹುಟ್ಟಿತು. ಸೊವೆಟೊದ ಮನೆಯಲ್ಲಿ ಏನೂ ಬದಲಾಗಲಿಲ್ಲ. ಸೊಲೊಮನ್‌ನ ಒಬ್ಬ ಮಗಳು 2001ರಲ್ಲಿ ಏಡ್ಸ್ ಕಾಯಿಲೆಯಿಂದ ಸತ್ತಳು. ಔಷಧಿ ಇತ್ತು, ಕೊಳ್ಳಲು ಹಣ ಇರಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2000ದಲ್ಲಿ, ದಕ್ಷಿಣ ಆಫ್ರಿಕದ ಪತ್ರಕರ್ತ ರಿಯಾನ್ ಮಲಾನ್ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಬಿಚ್ಚಿಟ್ಟಿದ್ದ. ಯಾರು ಯಾರಿಗೆ ಏನು ಕೊಟ್ಟರು, ಯಾರು ಯಾರಿಂದ ಏನು ತಗೊಂಡರು, ಎಲ್ಲ. ಲಯನ್ ಕಿಂಗ್‌ನಲ್ಲಿ ಬಳಸಿದ್ದೊಂದರಿಂದಲೇ ಈ ಹಾಡು 1.5 ಕೋಟಿ ಡಾಲರ್ ಗಳಿಸಿರಬೇಕು ಅಂತ ಅವನ ಅಂದಾಜು. ಪತ್ರಿಕೆಯವರು ಬರೆದು ಏನಾಗುತ್ತೆ ಅಂತ ಕೇಳುವ ನಮ್ಮ ಬಸ್‌ಸ್ಟ್ಯಾಂಡ್ ಮಿತ್ರರು ಇಲ್ಲಿ ಸ್ವಲ್ಪ ಗಮನಿಸಬೇಕು. ಆ ಬರಹದ ನಂತರವೇ ವಕೀಲರು ಫೈಲು ತೆಗೆದದ್ದು.

ವಕೀಲ ಓವನ್ ಡೀನ್. ಕಾಪಿರೈಟ್ ಕಾನೂನಿನಲ್ಲಿ ಪಳಗಿದ ಆಸಾಮಿ. ಅವನ ಕೈಗೆ ಸಿಕ್ಕ ಆಯುಧ ಬ್ರಿಟಿಷರ 1911ರ ಕಾಪಿರೈಟ್ ಕಾಯಿದೆ. ಅದು ಸಾಮ್ರಾಜ್ಯದ ದೇಶಗಳಿಗೆಲ್ಲ ಅನ್ವಯಿಸುತ್ತಿದ್ದ ಕಾಯಿದೆ. ಅದರ ಒಂದು ಮೂಲೆಯಲ್ಲಿ ಹೀಗಿತ್ತು: ಲೇಖಕನೋ ಸಂಗೀತಗಾರನೋ ತನ್ನ ಹಕ್ಕನ್ನು ಮಾರಿಕೊಂಡಿದ್ದರೂ ಸರಿ, ಅವನು ಸತ್ತು 25 ವರ್ಷವಾದ ಮೇಲೆ ಆ ಹಕ್ಕು ಅವನ ವಾರಸು ಕಡೆಗೆ ತಾನಾಗಿ ಹಿಂದಿರುಗಬೇಕು. ಕಷ್ಟಕ್ಕೆ ಬಿದ್ದು ಕಡಿಮೆ ಬೆಲೆಗೆ ಮಾರಿಕೊಂಡವನ ಹೆಂಡತಿ ಮಕ್ಕಳಿಗೆ ರಕ್ಷಣೆ ಇರಲಿ ಅಂತ ಇಟ್ಟ ಮಾತು. ಇಂಗ್ಲೆಂಡಿನ ಕಾದಂಬರಿಕಾರ ಡಿಕನ್ಸ್‌ನ ಹೆಸರು ಹಿಡಿದೇ ಇದನ್ನು ಕರೆಯುತ್ತಾರೆ.

ಸೊಲೊಮನ್ ಸತ್ತದ್ದು 1962. ಇಪ್ಪತ್ತೈದು ಕೂಡಿದರೆ 1987. ಅಂದ್ರೆ ಲಯನ್ ಕಿಂಗ್ ಬರುವ ಏಳು ವರ್ಷ ಮೊದಲೇ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳಲ್ಲೆಲ್ಲ ಹಾಡಿನ ಹಕ್ಕು ಅವನ ವಾರಸಿಗೆ ವಾಪಸ್ ಬಂದಾಗಿತ್ತು, ಅವರಿಗೇ ಗೊತ್ತಿಲ್ಲದೆ! ಹೆಂಡತಿ ಮಕ್ಕಳ ಕೈಯಲ್ಲಿ ಹಾಕಿಸಿಕೊಂಡ ಸಹಿಗಳೂ ನಿಲ್ಲುವುದಿಲ್ಲ. ಹಕ್ಕು ಹಿಂದಿರುಗುವುದು ಸತ್ತವನ ಆಸ್ತಿ ನೋಡಿಕೊಳ್ಳುವ ಅಧಿಕೃತ ಪ್ರತಿನಿಧಿಗೆ, ಅವನ ಬದಲು ಬೇರೆಯವರು ಹಾಕಿದ ಸಹಿಗೆ ಬೆಲೆಯಿಲ್ಲ ಅಂತ ಡೀನ್ ವಾದ.

2004ರಲ್ಲಿ ಡಿಸ್ನಿ ಮೇಲೆ ದಕ್ಷಿಣ ಆಫ್ರಿಕದಲ್ಲಿ ದಾವೆ ಬಿತ್ತು, 16 ಲಕ್ಷ ಡಾಲರಿಗೆ. ಪ್ರತಿವಾದಿ ಅಮೆರಿಕದಲ್ಲಿ, ಕೋರ್ಟು ಇಲ್ಲಿ. ಜಪ್ತಿ ಮಾಡೋಣ ಅಂದ್ರೆ ಇಲ್ಲಿ ಅವನ ಆಸ್ತಿ ಏನಿದೆ? ಡೀನ್ ಹುಡುಕಿದ. ಡಿಸ್ನಿ ಕಂಪನಿ ಆ ದೇಶದಲ್ಲಿ ರಿಜಿಸ್ಟರ್ ಮಾಡಿಸಿದ್ದ ಟ್ರೇಡ್‌ಮಾರ್ಕುಗಳು ಸಿಕ್ಕವು, ಇನ್ನೂರಕ್ಕೂ ಹೆಚ್ಚು. ಕೋರ್ಟು ಅವನ್ನೇ ಜಪ್ತಿ ಮಾಡಿತು. ಡೊನಾಲ್ಡ್ ಡಕ್, ಮಿಕಿ ಮೌಸ್ ಎಲ್ಲ ಅದರೊಳಗೆ! ಬಾಕಿದಾರನ ಮನೆಯ ಎಮ್ಮೆ ಹೊಡೆದುಕೊಂಡು ಹೋಗುವ ಅಮೀನರನ್ನು ನಾವು ಕಂಡಿದ್ದೇವೆ. ಬಾತುಕೋಳಿಯ ಚಿತ್ರವನ್ನು ಜಪ್ತಿ ಮಾಡಿದ ಕೋರ್ಟು ಅದೊಂದೇ ಇರಬೇಕು.

ಡಿಸ್ನಿಯ ವಾದವನ್ನೂ ಹೇಳಬೇಕು. ಹಕ್ಕು ಇದೆ ಅಂತ ಹೇಳಿದ ಅಬಿಲೀನ್ ಮ್ಯೂಸಿಕ್ ಎಂಬ ಪ್ರಕಾಶಕರಿಂದ ಪರವಾನಗಿ ಪಡೆದೇ ಹಾಡು ಬಳಸಿದ್ದೇವೆ, ನಮ್ಮ ತಪ್ಪೇನು ಅಂತ ಅವರ ಮಾತು. ಕೊನೆಗೆ ಆ ಅಬಿಲೀನ್ ಕಂಪನಿಯೇ ರಾಜಿಗೆ ಬಂತು. ವಿಚಾರಣೆ ಶುರುವಾಗುವ ಮುನ್ನ, 2006ರ ಫೆಬ್ರವರಿಯಲ್ಲಿ ಒಪ್ಪಂದವಾಯ್ತು. ಹಿಂದಿನ ಬಾಕಿಗೆ ಒಂದಿಷ್ಟು ಹಣ, ಮುಂದಿನ ಗಳಿಕೆಯಲ್ಲಿ ಪಾಲು, ಹಣ ನೋಡಿಕೊಳ್ಳಲು ಒಂದು ಟ್ರಸ್ಟು. ಎಲ್ಲಕ್ಕಿಂತ ಮುಖ್ಯ, ಈ ಹಾಡು ಎಂಬೂಬೆಯಿಂದ ಹುಟ್ಟಿದ್ದು, ಸೊಲೊಮನ್ ಲಿಂಡಾ ಇದರ ಸಹ ಸಂಯೋಜಕ ಅಂತ ಕಾಗದದ ಮೇಲೆ ಒಪ್ಪಿದರು. ಸತ್ತು 44 ವರ್ಷವಾದ ಮೇಲೆ ಹಾಡಿಗೆ ಅಪ್ಪ ಸಿಕ್ಕಿದ.

ಹಣ ಕೋಟಿಗಟ್ಟಲೆ ಬಂತು ಅಂತ ತಿಳಿಯಬೇಡಿ. ಬಂದದ್ದು ನಿರೀಕ್ಷೆಗಿಂತ ಬಹಳ ಕಡಿಮೆ. ಟ್ರಸ್ಟಿನ ಲೆಕ್ಕದ ಬಗ್ಗೆ ಹೆಣ್ಣುಮಕ್ಕಳಿಗೆ ಅಸಮಾಧಾನವೂ ಇತ್ತು. 2017ಕ್ಕೆ ಆ ಒಪ್ಪಂದವೂ ಮುಗಿಯಿತು. ತಡವಾಗಿ ಬಂದ ನ್ಯಾಯ ಯಾವಾಗಲೂ ಸ್ವಲ್ಪ ಸವೆದೇ ಬರುತ್ತೆ.

ನಮಗೇನು ಅನ್ನಬೇಡಿ

ಆಫ್ರಿಕದ ಈ ವ್ಯಾಜ್ಯ ನಮಗೇಕೆ ಅನ್ನುವವರಿಗೆ ಒಂದು ಮಾತು. ಸೊಲೊಮನ್ ಮಕ್ಕಳನ್ನು ಕಾಪಾಡಿದ ಅದೇ 1911ರ ಬ್ರಿಟಿಷ್ ಕಾಯಿದೆ, ಸಣ್ಣಪುಟ್ಟ ಬದಲಾವಣೆಯೊಂದಿಗೆ, 1914ರಿಂದ ನಮ್ಮ ದೇಶದಲ್ಲೂ ಜಾರಿಯಲ್ಲಿತ್ತು. 1957ರ ನಮ್ಮದೇ ಕಾಯಿದೆ ಬಂದ ಮೇಲೆ ಅದು ಹೋಯ್ತು. 2012ರಲ್ಲಿ ನಮ್ಮ ಸಂಸತ್ತು ಆ ಕಾಯಿದೆಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಸಿನಿಮಾ ಹಾಡು ಬರೆದವರು, ಸಂಗೀತ ಕೊಟ್ಟವರು ಹಾಡು ಮಾರಿದರೂ, ಚಿತ್ರಮಂದಿರದ ಆಚೆ ಅದು ಬಳಕೆಯಾದಾಗ ಬರುವ ರಾಯಧನದಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದರೂ ಆ ಸಹಿ ನಡೆಯೋದಿಲ್ಲ. ಹತ್ತು ಶಿಲ್ಲಿಂಗಿನ ಕಾಗದ ಇನ್ನು ಇಲ್ಲಿ ಹುಟ್ಟಬಾರದು ಅನ್ನುವುದೇ ಇದರ ಉದ್ದೇಶ.

ಆದರೆ ಹಳ್ಳಿಯಲ್ಲಿ ಪದ ಕಟ್ಟಿ ಹಾಡುವವರ ಪಾಡು? ಎಷ್ಟೋ ಕ್ಯಾಸೆಟ್ಟುಗಳ ಮೇಲೆ ಜಾನಪದ ಅಂತ ಒಂದೇ ಪದ ಅಚ್ಚಾಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ನಿಜವಾಗಿ ತಲೆಮಾರುಗಳಿಂದ ಬಂದದ್ದೆಷ್ಟು, ಯಾವುದೋ ಊರಿನ ಒಬ್ಬ ತಾಯಿ ಬೀಸುವ ಕಲ್ಲಿನ ಮುಂದೆ ಕೂತು ಕಟ್ಟಿದ್ದೆಷ್ಟು, ಕೇಳಿದವರಿಲ್ಲ. ಎಂಬೂಬೆಯನ್ನೂ ಮೊದಲು ಪುರಾತನ ಹಾಡು ಅಂತಲೇ ತಿಳಿದಿದ್ದರು ಅನ್ನುವುದು ನೆನಪಿರಲಿ. ಹಾಡನ್ನು ಅನಾಥ ಅಂತ ಕರೆಯುವ ಮೊದಲು ಅಪ್ಪ ಅಮ್ಮ ಇದ್ದಾರೆಯೇ ಅಂತ ವಿಚಾರಿಸುವುದು ಒಳ್ಳೆಯದು.

ವಾರ್ಷಿಕೋತ್ಸವದಲ್ಲಿ ಹಾಡು ಮುಗಿದಾಗ ಅಳುತ್ತಿದ್ದ ಪುಟ್ಟ ಸಿಂಹ ಸ್ಟೇಜಿನ ಮೇಲೇ ನಿದ್ದೆ ಹೋಗಿತ್ತು. ಅಮ್ಮ ಬಂದು ಎತ್ತಿಕೊಂಡು ಹೋದರು. ದಿನಸಿ ಅಂಗಡಿ ಯಜಮಾನರಿಗೆ ಗೇಟಿನ ಹತ್ತಿರ ನಿಂತು ಈ ಕಥೆಯಲ್ಲಿ ಅರ್ಧ ಹೇಳಿದೆ. ಹತ್ತು ಶಿಲ್ಲಿಂಗಿಗೆ ಎಷ್ಟು ರೂಪಾಯಿ ಅಂತ ಅವರೇ ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಬಸ್ ಬಂತು, ಹೊರಟೆವು. ಹಾಡಿದವನ ಹೆಸರು ಏನಂದ್ರಿ ಅಂತ ಅವರು ಬಸ್ಸಿನೊಳಗೆ ಇನ್ನೊಮ್ಮೆ ಕೇಳಿದರು.

ಸೊಲೊಮನ್ ಲಿಂಡಾ.